ಶಾಲೆ ಹೇಗಿದೆ ಅಂತ ಯಾರನ್ನು ಕೇಳಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ನಿಮ್ಮ ಮಕ್ಕಳು ಓದುತ್ತಿರುವ ಖಾಸಗಿ ಶಾಲೆ ಹೇಗಿದೆ, ಏನು ತೊಂದರೆ ಇದೆ, ಬರೆದು ತಿಳಿಸಿ ಎಂದು ಕೇಳಿದ್ದೆವು. ಅಪ್ಪ ಅಮ್ಮಂದಿರು ಬರೆದಿದ್ದಾರೆ, ಮಕ್ಕಳೂ ಬರೆದಿದ್ದಾರೆ. ದೊಡ್ಡವರ ಪತ್ರಗಳಲ್ಲಿ ಜಾಸ್ತಿ ಇರುವುದು ಫೀಸು, ಬಸ್ಸು, ಕಟ್ಟಡ, ಇಂಗ್ಲಿಷು. ಮಕ್ಕಳ ಪತ್ರಗಳಲ್ಲಿ ಇವು ಯಾವುವೂ ಇಲ್ಲ, ಪೂರ್ತಿ ಮಿಸ್ಸುಗಳ ಮತ್ತು ಸರ್‌ಗಳ ವಿಷಯ. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ನನಗೆ ಮಕ್ಕಳು ಹೇಳುವುದೇ ಸರಿ ಅನ್ನಿಸುತ್ತದೆ. ಕ್ಲಾಸಿನ ಬಾಗಿಲು ಹಾಕಿದ ಮೇಲೆ ಒಳಗೆ ಏನು ನಡೆಯುತ್ತದೋ ಅದೇ ಶಾಲೆ. ಪತ್ರ ಬರೆದವರ ಹೆಸರು, ಶಾಲೆಗಳ ಹೆಸರು ಎರಡನ್ನೂ ತೆಗೆದಿದ್ದೇವೆ.

ಪ್ರಶ್ನೆ: ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು. ಮನೆ ಹತ್ತಿರದ ಶಾಲೆ ಬಗ್ಗೆ ಒಬ್ಬರು "ಕಣ್ಣು ಮುಚ್ಕೊಂಡು ಸೇರಿಸಿ" ಅಂತಾರೆ, ಇನ್ನೊಬ್ಬರು "ಬರೀ ದುಡ್ಡು ಕೀಳ್ತಾರೆ, ಏನೂ ಕಲಿಸಲ್ಲ" ಅಂತಾರೆ. ಇಬ್ಬರ ಮಕ್ಕಳೂ ಅದೇ ಶಾಲೆಯಲ್ಲಿದ್ದಾರೆ. ಯಾರ ಮಾತು ನಂಬೋದು?
ಒಬ್ಬ ತಾಯಿ, ತುಮಕೂರು

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು ಅಮ್ಮಾ. ಒಬ್ಬರ ಮಗುವಿಗೆ ಒಳ್ಳೆಯ ಮಿಸ್ಸು ಸಿಕ್ಕಿರುತ್ತಾರೆ, ಇನ್ನೊಬ್ಬರ ಮಗುವಿಗೆ ಸಿಕ್ಕಿರುವುದಿಲ್ಲ. ಒಂದೇ ಶಾಲೆಯ 'ಎ' ಸೆಕ್ಷನ್ನಿಗೂ 'ಬಿ' ಸೆಕ್ಷನ್ನಿಗೂ ಅಜಗಜಾಂತರ ಇರುತ್ತದೆ. ಹಾಗಾಗಿ "ಶಾಲೆ ಹೇಗಿದೆ" ಅಂತ ಕೇಳಬೇಡಿ. ಹೋದ ವರ್ಷ ಒಂದನೇ ಕ್ಲಾಸಿಗೆ ಇದ್ದ ಮಿಸ್ಸು ಈ ವರ್ಷವೂ ಇದ್ದಾರಾ, ವರ್ಷದ ಮಧ್ಯೆ ಬಿಟ್ಟು ಹೋದರಾ, ಅವರ ಜಾಗಕ್ಕೆ ಎಷ್ಟು ದಿನ ಯಾರೂ ಬರಲಿಲ್ಲ, ಇದನ್ನು ಕೇಳಿ. ಶಿಕ್ಷಕರು ನಿಲ್ಲದ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇದ್ದರೂ ಪ್ರಯೋಜನ ಇಲ್ಲ. ಆರು ವರ್ಷದ ಮಗು ಒಬ್ಬ ಮಿಸ್ಸಿಗೆ ಹೊಂದಿಕೊಳ್ಳುವುದಕ್ಕೇ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಅವರು ಹೋಗಿ ಇನ್ನೊಬ್ಬರು ಬಂದರೆ ಆ ಮಗು ಯಾರನ್ನು ನಂಬಬೇಕು?

ಎರಡನೆಯದು, ಆ ಶಾಲೆಯಲ್ಲಿ ಓದುವ ಮೂರನೇ ಅಥವಾ ನಾಲ್ಕನೇ ಕ್ಲಾಸಿನ ಯಾರದ್ದಾದರೂ ನೋಟ್ ಪುಸ್ತಕ ಇಸಕೊಂಡು ನೋಡಿ. ಆದರೆ ಒಬ್ಬರದ್ದು ನೋಡಿದರೆ ಸಾಲದು, ಒಂದೇ ಕ್ಲಾಸಿನ ಇಬ್ಬರದ್ದು ನೋಡಿ. ಅಕ್ಕಪಕ್ಕದ ಮನೆಯ ಇಬ್ಬರು ಮಕ್ಕಳ ಪರಿಸರ ಅಧ್ಯಯನದ ನೋಟ್ಸ್ ನಾನೊಮ್ಮೆ ನೋಡಿದ್ದೆ. 'ನಿಮ್ಮ ಮನೆಯ ಸುತ್ತ ಇರುವ ಮರಗಳನ್ನು ಹೆಸರಿಸಿ' ಅನ್ನುವುದು ಪ್ರಶ್ನೆ. ಇಬ್ಬರ ಪುಸ್ತಕದಲ್ಲೂ ಮಾವು, ತೆಂಗು, ಬೇವು. ಅದೇ ಕ್ರಮ, ಕೆಳಗೆ ಅದೇ ಕೆಂಪು ಟಿಕ್. ಆ ಬೀದಿಯಲ್ಲಿ ಇದ್ದದ್ದು ಹೊಂಗೆ ಮತ್ತು ಒಂದು ಹಳೇ ಸಂಪಿಗೆ. ಮಿಸ್ಸು ಬೋರ್ಡಿನಲ್ಲಿ ಬರೆದಿದ್ದನ್ನು ಮಕ್ಕಳು ಇಳಿಸಿಕೊಂಡಿದ್ದರು, ತಲೆ ಎತ್ತಿ ಮರ ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಅಕ್ಷರ ಮುತ್ತಿನ ಹಾಗಿತ್ತು, ಅಪ್ಪ ಅಮ್ಮನಿಗೆ ಖುಷಿಯೂ ಆಗಿತ್ತು. ಮಕ್ಕಳು ತಮ್ಮದೇ ಮಾತಿನಲ್ಲಿ ಬರೆದು, ತಪ್ಪು ಮಾಡಿ, ಆ ತಪ್ಪನ್ನು ಮಿಸ್ಸು ತಿದ್ದಿರುವ ಪುಸ್ತಕ ಸಿಕ್ಕಿದರೆ ಅಂಥ ಶಾಲೆಯನ್ನು ಬಿಡಬೇಡಿ.

ಮಕ್ಕಳನ್ನು ಮಾತಾಡಿಸಿದರೆ "ಚೆನ್ನಾಗಿದೆ ಆಂಟಿ" ಅಂತ ಓಡಿ ಹೋಗುತ್ತಾರೆ. "ಅರ್ಥ ಆಗದಿದ್ದರೆ ಯಾರನ್ನು ಕೇಳ್ತೀಯಾ?" ಅಂತ ಕೇಳಿ ನೋಡಿ. "ಮಿಸ್ಸನ್ನು" ಅಂದರೆ ಒಳ್ಳೆಯದು. "ಟ್ಯೂಷನ್‌ನಲ್ಲಿ" ಅಂದರೆ ಯೋಚನೆ ಮಾಡಿ. ಶಾಲೆಯ ಮಿಸ್ಸೇ ಸಂಜೆ ದುಡ್ಡು ತಗೊಂಡು ಟ್ಯೂಷನ್ ಹೇಳುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಒಪ್ಪುವುದಿಲ್ಲ ಅನ್ನುವುದೂ ನಿಮಗೆ ಗೊತ್ತಿರಲಿ.

ಕಾಗದದ ಲೆಕ್ಕವನ್ನೂ ನೋಡಬಹುದು. ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಅಂದರೆ 11 ಅಂಕಿಯ ಯುಡೈಸ್ ಸಂಖ್ಯೆ ಇರುತ್ತದೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಸರ್ಕಾರದ ಯುಡೈಸ್ ಪ್ಲಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಎಷ್ಟು ಕೊಠಡಿ ಅಂತ ಬರುತ್ತದೆ. ಮಾಹಿತಿ ಕೊಟ್ಟಿರುವುದು ಶಾಲೆಯವರೇ, ಹಾಗಾಗಿ ಹೋಗಿ ಕಣ್ಣಾರೆ ನೋಡಿಯೇ ನಂಬಿ. ಕಾಯ್ದೆಯ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರೆಗೆ 90 ಮಕ್ಕಳಿದ್ದರೆ ಕನಿಷ್ಠ ಮೂವರು ಶಿಕ್ಷಕರು ಬೇಕು. ಇಡೀ ಶಾಲೆಯ ಸರಾಸರಿ ಹೇಳಿದರೆ ಒಪ್ಪಬೇಡಿ, ನಿಮ್ಮ ಮಗಳು ಕೂರುವ ಕೋಣೆಯಲ್ಲಿ ಎಷ್ಟು ಮಕ್ಕಳು ಅಂತ ಕೇಳಿ.

ಹಾಂ, ಇನ್ನೊಂದು. ಸೇರಿಸಿಕೊಳ್ಳುವ ಮೊದಲು ಮಗುವಿಗೆ ಪರೀಕ್ಷೆ, ಅಪ್ಪ ಅಮ್ಮನಿಗೆ ಇಂಟರ್‌ವ್ಯೂ ಅಂದರೆ ಅದು ಕಾಯ್ದೆಗೆ ವಿರುದ್ಧ. ಮೊದಲ ಸಲಕ್ಕೆ 25 ಸಾವಿರ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರ ರೂಪಾಯಿವರೆಗೆ ದಂಡ ಇದೆ.

ಪ್ರಶ್ನೆ: ಸಿಬಿಎಸ್‌ಇ ಅಂತ ಹೇಳಿ ಮಗನನ್ನು ಸೇರಿಸಿಕೊಂಡರು. ಈಗ ಏಳನೇ ಕ್ಲಾಸು. ಶಾಲೆಗೆ ಸಿಬಿಎಸ್‌ಇ ಮಾನ್ಯತೆ ಇನ್ನೂ ಬಂದಿಲ್ಲ ಅಂತ ಬೇರೆ ಪೋಷಕರು ಹೇಳುತ್ತಿದ್ದಾರೆ. ಆಫೀಸಿನಲ್ಲಿ ಕೇಳಿದರೆ "ನಾವು ಸಿಬಿಎಸ್‌ಇ ಪ್ಯಾಟರ್ನ್ ಸರ್" ಅಂತಾರೆ. ಹಾಗಂದ್ರೆ ಏನು?
ಒಬ್ಬ ತಂದೆ, ದಾವಣಗೆರೆ

ಉತ್ತರ: ಎನ್‌ಸಿಇಆರ್‌ಟಿ ಪುಸ್ತಕದಿಂದ ಪಾಠ ಮಾಡುತ್ತೇವೆ ಅಂತ, ಅಷ್ಟೇ. 'ಪ್ಯಾಟರ್ನ್'ಗೂ ಸಂಯೋಜನೆಗೂ (ಅಂದರೆ ನೀವು ಹೇಳುವ ಸಿಬಿಎಸ್‌ಇ ಮಾನ್ಯತೆಗೂ) ಸಂಬಂಧವೇ ಇಲ್ಲ. ಸಿಬಿಎಸ್‌ಇ ಮಂಡಳಿಯ ಸರಸ್ ಪೋರ್ಟಲ್‌ನಲ್ಲಿ ರಾಜ್ಯ, ಜಿಲ್ಲೆ ಹಾಕಿ ಹುಡುಕಿ. ಅಲ್ಲಿ ಶಾಲೆಯ ಹೆಸರಿಲ್ಲದಿದ್ದರೆ ಸಂಯೋಜನೆ ಇಲ್ಲ. ನಿಜವಾದ ಸಿಬಿಎಸ್‌ಇ ಶಾಲೆ ತನ್ನ ಜಾಲತಾಣದಲ್ಲಿ ಸಂಯೋಜನೆ ಪತ್ರ, ಕಟ್ಟಡದ ಸುರಕ್ಷತೆ ಪ್ರಮಾಣಪತ್ರ, ಅಗ್ನಿ ಸುರಕ್ಷತೆ, ಫೀಸು, ಶಿಕ್ಷಕರ ಸಂಖ್ಯೆ, ಹಿಂದಿನ ಮೂರು ವರ್ಷದ ಫಲಿತಾಂಶ ಎಲ್ಲವನ್ನೂ ಹಾಕಲೇಬೇಕು ಅನ್ನುವ ನಿಯಮ ಇದೆ.

ಇದನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳಿ, ಎಂಟನೇ ಕ್ಲಾಸು ಮುಗಿಯುವ ತನಕ ಕಾಯಬೇಡಿ. ಸಿಬಿಎಸ್‌ಇಯಲ್ಲಿ ಮಕ್ಕಳ ನೋಂದಣಿ ಒಂಬತ್ತನೇ ಕ್ಲಾಸಿನಲ್ಲೇ ಆಗುತ್ತದೆ. ಅಷ್ಟರೊಳಗೆ ಸಂಯೋಜನೆ ಬರದಿದ್ದರೆ ಹುಡುಗ ರಾಜ್ಯ ಮಂಡಳಿಯ ಎಸ್ಸೆಸ್ಸೆಲ್ಸಿ ಬರೆಯಬೇಕಾಗುತ್ತದೆ, ಇಲ್ಲಾಂದ್ರೆ ಬೇರೆ ಶಾಲೆ ನೋಡಬೇಕಾಗುತ್ತದೆ. ರಾಜ್ಯ ಪಠ್ಯಕ್ರಮ ಕಡಿಮೆಯದು ಅಂತ ನಾನು ಖಂಡಿತ ಹೇಳುತ್ತಿಲ್ಲ, ಅದರಲ್ಲೇ ಓದಿದ ಲಕ್ಷಾಂತರ ಮಕ್ಕಳು ಚೆನ್ನಾಗಿದ್ದಾರೆ. ಒಂದು ಹೇಳಿ ಇನ್ನೊಂದು ಕೊಡುವುದು ತಪ್ಪು. ಆ ಹೆಸರು ಹೇಳಿಯೇ ವರ್ಷಗಟ್ಟಲೆ ಹೆಚ್ಚಿನ ಫೀಸು ತಗೊಂಡಿರುತ್ತಾರಲ್ಲ! ಒಬ್ಬರೇ ಹೋಗಬೇಡಿ. ಪೋಷಕರೆಲ್ಲ ಸೇರಿ ಶಾಲೆಗೆ ಬರಹದಲ್ಲಿ ಕೊಡಿ, ಬರಹದಲ್ಲೇ ಉತ್ತರ ಕೇಳಿ. ಉತ್ತರ ಬರದಿದ್ದರೆ ಅದೇ ಪತ್ರದ ಪ್ರತಿ ಇಟ್ಟು ಬಿಇಒ (ತಾಲ್ಲೂಕು ಮಟ್ಟದ ಶಿಕ್ಷಣಾಧಿಕಾರಿ) ಮತ್ತು ಡಿಡಿಪಿಐ (ಜಿಲ್ಲಾ ಮಟ್ಟದ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಕಚೇರಿಗೆ ದೂರು ಕೊಡಿ. ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಳ್ಳುವುದನ್ನು ಮರೆಯಬೇಡಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ನಮ್ಮ ಶಾಲೆ ಗೇಟಿನ ಮೇಲೆ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಅಂತ ಬ್ಯಾನರ್ ಇದೆ. ನಾನು ಗಣಿತದಲ್ಲಿ ವೀಕ್. ಹೆಡ್ ಮಿಸ್ ಅಪ್ಪನನ್ನು ಕರೆಸಿ "ಟಿಸಿ ತಗೊಳ್ಳಿ, ಇಲ್ಲ ಅಂದ್ರೆ ಹತ್ತನೇ ಕ್ಲಾಸನ್ನು ಹೊರಗಿನಿಂದ ಕಟ್ಟಿಸಿ" ಅಂದರು. ಅಪ್ಪ ಮನೆಗೆ ಬಂದು ಊಟ ಮಾಡಲಿಲ್ಲ. ನನಗೆ ಶಾಲೆ ಬಿಡಲು ಇಷ್ಟ ಇಲ್ಲ. ಏನು ಮಾಡಲಿ?
ಒಬ್ಬ ವಿದ್ಯಾರ್ಥಿ, ಹಾಸನ ಜಿಲ್ಲೆ

ಉತ್ತರ: ಮಗಾ, ನಿನ್ನ ಪತ್ರವನ್ನು ನಾನು ಮತ್ತೆ ಮತ್ತೆ ಓದಿದೆ. ಮೊದಲು ಒಂದು ಮಾತು ಗಟ್ಟಿಯಾಗಿ ತಿಳಿದುಕೋ, ನೀನು ಯಾವ ತಪ್ಪೂ ಮಾಡಿಲ್ಲ. ಗಣಿತ ಬರಲಿಲ್ಲ ಅಂದರೆ ಬರುವ ಹಾಗೆ ಮಾಡುವುದು ಶಾಲೆಯ ಕೆಲಸ. ಅದಕ್ಕೇ ನಿಮ್ಮ ಅಪ್ಪ ಫೀಸು ಕಟ್ಟಿರುವುದು.

ಇಂಥ ಮಾತು ಒಂಬತ್ತನೇ ಕ್ಲಾಸಿನಲ್ಲೇ ಯಾಕೆ ಬರುತ್ತದೆ ಗೊತ್ತಾ? ಎಂಟನೇ ಕ್ಲಾಸು ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ರಕ್ಷಣೆ ಎಂಟಕ್ಕೇ ಮುಗಿಯುತ್ತದೆ. ಹತ್ತನೇ ಕ್ಲಾಸಿನ ಫಲಿತಾಂಶ ಬ್ಯಾನರ್‌ಗೆ ಬರುತ್ತದೆ. ಮಧ್ಯೆ ಸಿಕ್ಕಿಕೊಳ್ಳುವವರು ನಿನ್ನಂಥ ಮಕ್ಕಳು. ಹೀಗೆ ಸೋಸಿ ತೆಗೆದು ಬಂದ ನೂರಕ್ಕೆ ನೂರರಲ್ಲಿ ಶಾಲೆಯ ಪಾಠ ಎಷ್ಟಿದೆ, ಪಾಸಾಗುವವರನ್ನು ಮಾತ್ರ ಕೂರಿಸಿದ್ದು ಎಷ್ಟಿದೆ ಅಂತ ಹೊರಗಿನವರಿಗೆ ತಿಳಿಯುವುದೇ ಇಲ್ಲ. ಈ ಅಂಕಣ ಓದುತ್ತಿರುವ ಅಪ್ಪ ಅಮ್ಮಂದಿರೇ, ಬ್ಯಾನರ್ ನೋಡಿ ಶಾಲೆ ಸೇರಿಸುವ ಮೊದಲು ಎರಡು ಸಂಖ್ಯೆ ಕೇಳಿ: ಎರಡು ವರ್ಷದ ಹಿಂದೆ ಎಂಟನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದರು, ಈ ಸಲ ಎಸ್ಸೆಸ್ಸೆಲ್ಸಿಗೆ ಎಷ್ಟು ಮಕ್ಕಳು ಕೂತರು. ಇವೆರಡರ ನಡುವಿನ ವ್ಯತ್ಯಾಸಕ್ಕೆ ಶಾಲೆಯವರು ಏನು ಕಾರಣ ಕೊಡುತ್ತಾರೆ ಅಂತ ಕೇಳಿಸಿಕೊಳ್ಳಿ.

ಈಗ ನೀನು ಮಾಡಬೇಕಾದ್ದು. ಅಪ್ಪನಿಗೆ ಹೇಳು, ಟಿಸಿ ಬೇಕು ಅಂತ ಯಾವ ಅರ್ಜಿಗೂ ಸಹಿ ಹಾಕಬೇಡಿ ಅಂತ. ಸಾಮಾನ್ಯವಾಗಿ ಪೋಷಕರ ಕೈಯಲ್ಲೇ ಅರ್ಜಿ ಬರೆಸಿಕೊಳ್ಳುತ್ತಾರೆ, ಆಮೇಲೆ "ಅವರೇ ಬಿಟ್ಟು ಹೋದರು" ಅನ್ನುತ್ತಾರೆ. "ನನ್ನ ಮಗನನ್ನು ಯಾಕೆ ಕಳಿಸುತ್ತಿದ್ದೀರಿ, ಬರಹದಲ್ಲಿ ಕೊಡಿ" ಅಂತ ಅಪ್ಪ ಸಮಾಧಾನವಾಗಿ ಕೇಳಲಿ. ಎಷ್ಟೋ ಕಡೆ ಈ ಮಾತು ಕೇಳಿದ ಮೇಲೆ ಶಾಲೆಯವರೇ ಸುಮ್ಮನಾಗುತ್ತಾರೆ. ಒಪ್ಪದಿದ್ದರೆ ಬಿಇಒ ಕಚೇರಿಗೆ ಹೋಗಲಿ. ಕ್ಲಾಸಿನಲ್ಲಿ ಎಲ್ಲರೆದುರು ನಿನ್ನನ್ನು ಅವಮಾನ ಮಾಡಿದರೆ, ಬೇರೆ ಕೂರಿಸಿದರೆ, ಮಕ್ಕಳ ಸಹಾಯವಾಣಿ 1098ಕ್ಕೆ ನೀನೇ ಫೋನ್ ಮಾಡಬಹುದು. ದುಡ್ಡು ಕೊಡಬೇಕಾಗಿಲ್ಲ.

ಗಣಿತದ ವಿಷಯ. ಒಂಬತ್ತರ ಪುಸ್ತಕ ಪಕ್ಕಕ್ಕಿಟ್ಟು ಭಿನ್ನರಾಶಿ, ಋಣ ಸಂಖ್ಯೆ, ಸರಳ ಸಮೀಕರಣ, ಇವು ಮೂರು ಬರುತ್ತವಾ ನೋಡಿಕೋ. ನನ್ನ ಕ್ಲಾಸಿನಲ್ಲಿ 'ವೀಕ್' ಅನ್ನಿಸಿಕೊಂಡ ಮಕ್ಕಳಲ್ಲಿ ಬಹಳ ಮಂದಿ ಆರು, ಏಳನೇ ಕ್ಲಾಸಿನ ಈ ಜಾಗದಲ್ಲೇ ನಿಂತುಬಿಟ್ಟಿರುತ್ತಿದ್ದರು. ಅದನ್ನು ಸರಿ ಮಾಡಿಕೊಂಡರೆ ಮುಂದಿನದು ತಾನೇ ಬಿಡಿಸಿಕೊಳ್ಳುತ್ತದೆ. ನಿನಗಿನ್ನೂ ಸಮಯ ಇದೆ. ಎಸ್ಸೆಸ್ಸೆಲ್ಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಒಂದು ಸಲ ಕಡಿಮೆ ಬಂದರೆ ವರ್ಷ ಹಾಳಾಗುವುದಿಲ್ಲ. ಅಪ್ಪನಿಗೂ ಇದನ್ನು ಓದಿ ಹೇಳು.

ಪ್ರಶ್ನೆ: ಖಾಸಗಿ ಶಾಲೆಯಲ್ಲಿ ಟೀಚರ್ ನಾನು. ಎಲ್ಲರೂ ಶಾಲೆ ಸರಿ ಇಲ್ಲ, ಟೀಚರ್ ಸರಿ ಇಲ್ಲ ಅಂತಾರೆ. ಬೇಸಿಗೆ ರಜೆಯಲ್ಲಿ ನಮಗೆ ಸಂಬಳ ಇಲ್ಲ. ಪಾಠದ ಜೊತೆ ಬಸ್ ಡ್ಯೂಟಿ, ಅಡ್ಮಿಷನ್‌ಗೆ ಮನೆಮನೆ ಸುತ್ತುವ ಡ್ಯೂಟಿ. ನಮ್ಮದನ್ನು ಯಾರು ಕೇಳ್ತಾರ್ರೀ?
ಒಬ್ಬ ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ನೀವು ಬರೆದದ್ದೇ ತುಮಕೂರಿನ ತಾಯಿಯ ಪ್ರಶ್ನೆಗೆ ಅರ್ಧ ಉತ್ತರ. ಏಪ್ರಿಲ್, ಮೇ ತಿಂಗಳ ಸಂಬಳ ಕೊಡದ ಶಾಲೆಯಲ್ಲಿ ಜೂನ್‌ನಲ್ಲಿ ಅದೇ ಟೀಚರ್ ಯಾಕೆ ಇರುತ್ತಾರೆ? ಶಿಕ್ಷಕರ ಕೆಲಸ ತಯಾರಿಯ ಸಮಯವೂ ಸೇರಿ ವಾರಕ್ಕೆ ಕನಿಷ್ಠ 45 ಗಂಟೆ ಅಂತ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲಿದೆ. ಪಾಠಕ್ಕೆ ತಯಾರಿ ಮಾಡುವುದೂ ಕೆಲಸವೇ ಅಂತ ಕಾಯ್ದೆಯೇ ಒಪ್ಪಿದೆ, ಬಿಡುವಿನ ಪೀರಿಯಡ್‌ನಲ್ಲೂ ನಿಮ್ಮನ್ನು ಇನ್ನೊಂದು ಕ್ಲಾಸಿಗೆ ಅಟ್ಟುವ ಆಡಳಿತ ಮಂಡಳಿ ಅದನ್ನು ಒಪ್ಪಿಲ್ಲ. ಪೋಷಕರ ಸಭೆಯಲ್ಲಿ ಫೀಸು ಜಾಸ್ತಿ ಆಯಿತು ಅಂತ ಜಗಳ ಮಾಡುವ ನಾವು, ಆ ಫೀಸಿನಲ್ಲಿ ಟೀಚರ್‌ಗೆ ಎಷ್ಟು ಹೋಗುತ್ತದೆ, 12 ತಿಂಗಳೂ ಹೋಗುತ್ತದಾ, ಬ್ಯಾಂಕ್ ಖಾತೆಗೆ ಹೋಗುತ್ತದಾ ಅಂತ ಒಂದು ದಿನವಾದರೂ ಕೇಳಬೇಕು. ನೀವು ಕೇಳಿದರೆ ಕೆಲಸ ಹೋಗಬಹುದು. ಪೋಷಕರು ಕೇಳಿದರೆ ಆ ಭಯ ಇಲ್ಲ.

ಪ್ರಶ್ನೆ: ಮೊಮ್ಮಗ ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಕನ್ನಡ ಮಾತಾಡಿದರೆ ಫೈನ್ ಹಾಕ್ತಾರಂತೆ. ಮಗ ಸೊಸೆ "ಇಂಗ್ಲಿಷ್ ಬರಲಿ ಅಂತ ಹಾಗೆ ಮಾಡ್ತಾರೆ" ಅಂತಾರೆ. ಸರಿಯೇ?
ಒಬ್ಬ ಅಜ್ಜ, ಮಂಡ್ಯ

ಉತ್ತರ: ಸರಿಯಲ್ಲ ಯಜಮಾನರೇ. ಇಂಗ್ಲಿಷ್ ಕಲಿಸಬೇಕು, ಚೆನ್ನಾಗಿಯೇ ಕಲಿಸಬೇಕು. ಆದರೆ ಫೈನ್ ಹಾಕಿದರೆ ಮಗು ಇಂಗ್ಲಿಷ್ ಮಾತಾಡುವುದಿಲ್ಲ, ಬಾಯಿ ಮುಚ್ಚಿಕೊಂಡು ಕೂರುತ್ತದೆ. ಬಾತ್‌ರೂಮಿಗೆ ಹೋಗಬೇಕು ಅಂತ ಕೇಳುವುದಕ್ಕೂ ಹೆದರುವ ಮಕ್ಕಳನ್ನು ನಾನು ನೋಡಿದ್ದೇನೆ. ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಯಾವ ಪಠ್ಯಕ್ರಮದ ಶಾಲೆಯೇ ಆಗಲಿ, ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಮೊಮ್ಮಗನ ಡೈರಿಯಲ್ಲಿ ಫೈನ್ ಬಗ್ಗೆ ಬರೆದಿದ್ದರೆ ಆ ಪುಟದ ಫೋಟೋ ಇಟ್ಟುಕೊಳ್ಳಿ, ಮಗ ಸೊಸೆಯನ್ನು ಕರೆದುಕೊಂಡೇ ಹೋಗಿ ಮಾತಾಡಿ.

ಪ್ರಶ್ನೆ: ಮಗಳು ಐದನೇ ಕ್ಲಾಸು ಮುಗಿಸಿದಳು. ಫೀಸು ಕಟ್ಟಲು ಆಗದೆ ಸರ್ಕಾರಿ ಶಾಲೆಗೆ ಸೇರಿಸೋಣ ಅಂತಿದ್ದೇವೆ. ಬಾಕಿ ಕಟ್ಟದೆ ಟಿಸಿ ಕೊಡಲ್ಲ ಅಂತ ಹಳೇ ಶಾಲೆಯವರು ಕೂತಿದ್ದಾರೆ. ಶಾಲೆ ಶುರುವಾಗಿ ಆಯಿತು, ಮಗಳು ಮನೆಯಲ್ಲಿದ್ದಾಳೆ.
ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನಾಳೆಯೇ ಸೇರಿಸಿ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ಹಳೇ ಶಾಲೆಯವರು ತಕ್ಷಣ ಟಿಸಿ ಕೊಡಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಟಿಸಿ ತಡವಾಯಿತು ಅಂತ ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವ ಹಾಗೂ ಇಲ್ಲ. ಬೇಕಂತಲೇ ತಡ ಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮಕ್ಕೂ ಅವಕಾಶ ಇದೆ. ಫೀಸಿನ ಬಾಕಿ ಇದರಿಂದ ಮನ್ನಾ ಆಗುವುದಿಲ್ಲ, ಅದು ನಿಮ್ಮ ಮತ್ತು ಆ ಶಾಲೆಯ ನಡುವಿನ ಲೆಕ್ಕ. ಕಂತಿನಲ್ಲಿ ಕೊಡುತ್ತೇವೆ ಅಂತ ಬರೆದುಕೊಡಿ. ಹಳೇ ಅಂಕಪಟ್ಟಿಯಲ್ಲಿ ಅಥವಾ ಪ್ರಗತಿ ಪತ್ರದಲ್ಲಿ ಮಗಳ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ) ಇದೆಯಾ ನೋಡಿ. ಅದನ್ನು ತಗೊಂಡು ಮಗಳ ಜೊತೆ ಹೊಸ ಶಾಲೆಯ ಮುಖ್ಯ ಶಿಕ್ಷಕರ ಹತ್ತಿರ ಹೋಗಿ. ಅವರು ಹಿಂದೆ ಮುಂದೆ ನೋಡಿದರೆ ಈ ಪುಟವನ್ನೇ ತೋರಿಸಿ, ಅಲ್ಲಿಂದ ನೇರ ಬಿಇಒ ಕಚೇರಿಗೆ ನಡೆಯಿರಿ.