ಮಡುವಿನಲ್ಲಿ ಗುಂಪುಗೂಡಿದ ಟ್ರೌಟ್ ಹಸಿದು ಬಂದಿದ್ದಲ್ಲ

ಏಪ್ರಿಲ್ ಮುಗಿಯುವ ಹೊತ್ತಿಗೆ ನೀಲಗಿರಿ ತೊರೆಗಳ ತಣ್ಣೀರಿನ ಮೀನು ಟ್ರೌಟ್ ಹಿಡಿಯುವ ಬಗ್ಗೆ ಪತ್ರಗಳು ಬರತೊಡಗುತ್ತವೆ. ಪ್ರತಿ ವರ್ಷ ಅವೇ ಪ್ರಶ್ನೆ. ಗಾಳದ ಕೋಲು ಹಿಡಿಯುವುದು, ದಾರ ಬೀಸುವುದು, ಫ್ಲೈ (ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಳುವಿನಂಥ ಹುಸಿ ಎರೆ) ಕಟ್ಟುವುದು ಇವನ್ನೆಲ್ಲ ಇಲ್ಲಿ ಹೇಳಿಕೊಡುವುದಿಲ್ಲ. ಬಲ್ಲವರ ಜೊತೆ ನಾಲ್ಕು ದಿನ ಹೊಳೆದಂಡೆಯಲ್ಲಿ ನಿಂತರೆ ಬರುತ್ತದೆ. ಪರವಾನಗಿ ಇಲ್ಲದೆ ಹೋಗುವವರು ನನಗೆ ಬರೆಯಲೇಬೇಡಿ.

ಒಂದು ಪತ್ರ: ಮೇ ತಿಂಗಳಲ್ಲಿ ಅವಲಾಂಚಿ ಕಡೆಯ ತೊರೆಗಳಲ್ಲಿ ನೀರು ಮೊಣಕಾಲಿಗೂ ಬರುವುದಿಲ್ಲ. ಒಂದು ಮಡುವಿನಲ್ಲಿ ಮಾತ್ರ ಹತ್ತಿಪ್ಪತ್ತು ಟ್ರೌಟ್ ಒಟ್ಟಿಗೆ ನಿಂತಿರುತ್ತವೆ. ಏನು ಹಾಕಿದರೂ ಮುಟ್ಟುವುದಿಲ್ಲ. ನಾನು ತಿನ್ನುವವನಲ್ಲ, ಹಿಡಿದು ವಾಪಸ್ ಬಿಡುತ್ತೇನೆ. ಯಾವ ಫ್ಲೈ ಸರಿ ಸರ್? (ಊಟಿಯ ಓದುಗರು)

ಯಾವುದೂ ಸರಿಯಲ್ಲ. ಆ ಮೀನುಗಳನ್ನು ಬಿಟ್ಟುಬಿಡಿ.

ಮುಂದಿನ ಸಲ ಅದೇ ಮಡುವಿನ ಮೇಲ್ಗಡೆ ದಂಡೆಯುದ್ದಕ್ಕೂ ಕಣ್ಣಾಡಿಸಿ. ಶೋಲಾ ಕಾಡಿನೊಳಗಿಂದ ಕೈಬೆರಳಿನಷ್ಟು ದಪ್ಪದ ನೀರು ಜರಿಗಿಡಗಳ ಬುಡದಲ್ಲಿ ಇಳಿದು ಬಂದು ಸೇರುತ್ತಿರುತ್ತದೆ. ಅಲ್ಲಿ ಕೈ ಅದ್ದಿ, ಆಮೇಲೆ ಹತ್ತು ಹೆಜ್ಜೆ ಕೆಳಗೆ ಅದ್ದಿ. ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಮೀನುಗಳು ಅಲ್ಲಿ ನಿಂತಿರುವುದು ಆ ತಣ್ಣೀರಿಗಾಗಿ, ಉಸಿರಾಡುವುದಕ್ಕಾಗಿ. ಹೊಟ್ಟೆಗಾಗಿ ಅಲ್ಲ.

ಕಾರಣ ಸರಳ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 20 ಡಿಗ್ರಿಗೆ ಏರಿದರೆ 9. ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಇಲ್ಲಿ ಕಡಿಮೆ, ಹಾಗಾಗಿ ಆ 9ರಲ್ಲಿ ಕಾಲುಭಾಗದಷ್ಟು ಕಳೆದು ಸುಮಾರು 7 ಉಳಿಯುತ್ತದೆ. ಇದರ ಮೇಲೆ, ನೀರು ಬಿಸಿಯಾದಂತೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಸಿಗುವುದು ಕಮ್ಮಿ, ಬೇಕಾಗುವುದು ಜಾಸ್ತಿ. ತಣ್ಣನೆ ದೇಶದವರು ಬರೆದ ಪುಸ್ತಕ ನೋಡಿ "20 ಡಿಗ್ರಿವರೆಗೆ ಪರವಾಗಿಲ್ಲ" ಎನ್ನುವವರು ಈ ಎತ್ತರದ ಲೆಕ್ಕವನ್ನೇ ಹಿಡಿಯುವುದಿಲ್ಲ. ನಾನು 18ಕ್ಕೇ ಕೋಲು ಮಡಚುತ್ತೇನೆ. ಅತಿ ಎಚ್ಚರ ಅನ್ನಿಸಿದರೆ ಅನ್ನಿಸಲಿ.

ಟ್ರೌಟ್ ಈ ಬೆಟ್ಟಗಳ ಮೀನೇ ಅಲ್ಲ ಎಂಬುದನ್ನೂ ಮರೆಯಬೇಡಿ. 1860ರ ದಶಕದಲ್ಲಿ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಇಲ್ಲಿಗೆ ಟ್ರೌಟ್ ತರಲು ನೋಡಿ ಸೋತರು. 1907ರಲ್ಲಿ ಮದ್ರಾಸ್ ಸರ್ಕಾರದ ಮೀನು ಸಾಕಣೆ ತಜ್ಞ ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಮಾಡಿಸುವ ಕೇಂದ್ರ ಕಟ್ಟಿದ ಮೇಲೆ ರೇನ್‌ಬೋ ಟ್ರೌಟ್ ನೆಲೆಯೂರಿತು. ಸಮಭಾಜಕದಿಂದ ಬರೀ 11 ಡಿಗ್ರಿ ಉತ್ತರದಲ್ಲಿ ಈ ಮೀನು ಬದುಕಿರುವುದು ಬೆಟ್ಟದ ಎತ್ತರ ಮತ್ತು ಶೋಲಾ ನೆರಳಿನ ದಯೆಯಿಂದ. ನೀರಿನ ಬಿಸಿ ಎರಡು ಡಿಗ್ರಿ ಏರಿದರೂ ಅದಕ್ಕೆ ಓಡಿಹೋಗಲು ಬೇರೆ ಜಾಗವಿಲ್ಲ.

ಇನ್ನು "ಹಿಡಿದು ಬಿಡುತ್ತೇನೆ" ಎಂಬ ಮಾತು. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಹಲವು ವರ್ಷದ ಹಿಂದೆ ಮೇ ತಿಂಗಳ ಒಂದು ಮಧ್ಯಾಹ್ನ ನಾನೂ ಹೀಗೇ ಒಂದು ಗೇಣುದ್ದದ ಮೀನು ಹಿಡಿದು ಬಿಟ್ಟೆ. ಬಾಲ ಬೀಸಿ ಚೆನ್ನಾಗಿಯೇ ಈಜಿಹೋಯಿತು. ಅರ್ಧ ಗಂಟೆ ಕಳೆದು ಕೆಳಗಿನ ಮಡುವಿಗೆ ಇಳಿದಾಗ ಎರಡು ಕಲ್ಲಿನ ನಡುವೆ ಅದೇ ಮೀನು ಹೊಟ್ಟೆ ಮೇಲಾಗಿ ಸಿಕ್ಕಿಕೊಂಡಿತ್ತು. ದವಡೆಯಲ್ಲಿ ನನ್ನ ಕೊಕ್ಕೆಯ ಗಾಯ. ಕಿವಿರು ಅಗಲಕ್ಕೆ ತೆರೆದಿತ್ತು. ದಾರದಲ್ಲಿ ಒದ್ದಾಡಿದ ಮೀನಿನ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿರುತ್ತದೆ. ಚೇತರಿಸಿಕೊಳ್ಳಲು ಬಹಳ ಆಮ್ಲಜನಕ ಬೇಕು, ಬೆಚ್ಚನೆ ನೀರಿನಲ್ಲಿ ಅದಿಲ್ಲ. ಫೋಟೋಗೆಂದು ನೀರಿನಿಂದ ಎತ್ತಿ ಹಿಡಿದರೆ ಇನ್ನೂ ಕೆಟ್ಟದು. ಈಜಿಹೋಯಿತು ಎಂದರೆ ಬದುಕಿತು ಎಂದಲ್ಲ.

ಹಾಗಾದರೆ ಬೇಸಿಗೆ ಕೊನೆಯಲ್ಲಿ ಹೋಗಲೇಬಾರದೇ? ಹೋಗಿ, ಬೆಳಗ್ಗೆ ಹೋಗಿ. ಜೇಬಿನಲ್ಲಿ ಥರ್ಮಾಮೀಟರ್ ಇರಲಿ. ಬಿಸಿಲು ಬಿದ್ದ ಅಂಚಿನಲ್ಲಲ್ಲ, ಹರಿಯುವ ನೀರಿನ ನಡುವೆ, ನೆರಳಿನಲ್ಲಿ ಅಳೆಯಿರಿ. ಬೆಳಕು ಹರಿಯುವ ಹೊತ್ತಿನಿಂದ ಒಂಬತ್ತರವರೆಗೆ ಸಾಕು. ಸಂಜೆ ತಂಪು ಎಂದು ಐದು ಗಂಟೆಗೆ ಇಳಿಯುವವರು ಗಾಳಿಯ ತಂಪನ್ನು ನೀರಿನ ತಂಪು ಎಂದುಕೊಂಡಿದ್ದಾರೆ. ಇಡೀ ದಿನ ಕಾದ ಕಲ್ಲು, ನೀರು ಅಷ್ಟು ಬೇಗ ಆರುವುದಿಲ್ಲ.

ಮಡು ಬಿಟ್ಟು, ಕಲ್ಲಿಗೆ ಬಡಿದು ನೊರೆಯಾಗಿ ಹರಿಯುವ ಕಡೆ ಗಾಳ ಹಾಕಿ. ಮೀನು ಹರಿವಿಗೆ ಮುಖ ಮಾಡಿ ನಿಂತಿರುತ್ತದೆ, ನೀವು ಕೆಳಗಿನಿಂದ, ಬಗ್ಗಿ, ನೆರಳು ಬೀಳದಂತೆ ಬನ್ನಿ. ನೀರು ತಿಳಿಯಾಗಿರುವುದರಿಂದ ಲೀಡರ್ (ದಾರದ ತುದಿಗೆ ಕಟ್ಟುವ, ಕಣ್ಣಿಗೆ ಬೀಳದ ತೆಳು ಎಳೆ) ಹನ್ನೆರಡು ಅಡಿ ಇರಲಿ. ಹುಲ್ಲುಗಾವಲಿನ ಅಂಚಿನಲ್ಲಿ ಗಾಳಿ ಬೀಸಿದರೆ ಮಿಡತೆ, ಇರುವೆ, ಜೀರುಂಡೆ ನೀರಿಗೆ ಬೀಳುತ್ತವೆ. ಅವುಗಳನ್ನೇ ಹೋಲುವ ಫ್ಲೈ ಕಟ್ಟಿ. ಲೀಡರ್‌ನ ಕೊನೆಯ ತುಂಡಾದ ಟಿಪ್ಪೆಟ್ ಅನ್ನು ಕೂದಲಿನಷ್ಟು ಸಣ್ಣದು ಮಾಡಬೇಡಿ, ಮೀನನ್ನು ಬೇಗ ದಡಕ್ಕೆ ತರಲಾಗುವುದಿಲ್ಲ, ಒದ್ದಾಡಿಯೇ ಸುಸ್ತಾಗುತ್ತದೆ. ಕೊಕ್ಕೆಯ ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ, ಒಣಗೈ ಮೈಮೇಲಿನ ಲೋಳೆ ಕಿತ್ತುಹಾಕುತ್ತದೆ. ಕೊಕ್ಕೆಯನ್ನು ನೀರಿನೊಳಗೇ ಬಿಡಿಸಿ.

ಮೊದಲ ಮಳೆ ಬಿದ್ದ ಕೂಡಲೇ ಮೀನು ಚೆನ್ನಾಗಿ ಸಿಗುತ್ತದಂತೆ, ನಿಜವೇ? (ಗೂಡಲೂರು)

ನಿಜ. ನೀರು ತಂಪಾಗಿ, ತುಸು ಕೆಂಪಾಗಿ, ಹುಳುಹುಪ್ಪಟೆ ಹೊತ್ತು ತರುತ್ತದೆ. ಆದರೆ ಮೇಲ್ಗಡೆ ಗುಡುಗಿದರೆ ತಕ್ಷಣ ದಂಡೆ ಹತ್ತಿ. ಅವಲಾಂಚಿಯಲ್ಲಿ 2019ರ ಆಗಸ್ಟ್‌ನಲ್ಲಿ ಒಂದೇ ದಿನಕ್ಕೆ 90 ಸೆಂಟಿಮೀಟರ್‌ಗೂ ಮೇಲೆ ಮಳೆ ಸುರಿದಿದೆ. ಅಣೆಕಟ್ಟು, ವಿದ್ಯುದಾಗಾರಗಳ ಕೆಳಗಂತೂ ನಿಲ್ಲಲೇಬೇಡಿ, ನೀರು ಬಿಡುವಾಗ ನಿಮ್ಮನ್ನು ಕೇಳಿ ಬಿಡುವುದಿಲ್ಲ.

ಮುಕುರ್ತಿ ಒಳಗಿನ ತೊರೆಗಳಲ್ಲಿ ದೊಡ್ಡ ಟ್ರೌಟ್ ಇದೆ, ಕರೆದುಕೊಂಡು ಹೋಗುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. (ಕೋಟಗಿರಿ)

ಅದು ರಾಷ್ಟ್ರೀಯ ಉದ್ಯಾನ. ಅಲ್ಲಿ ಗಾಳ ಹಾಕುವುದು ಅಪರಾಧ, ಅವರ ಜೊತೆ ಹೋದರೆ ನೀವೂ ಅಪರಾಧಿ.

ಫ್ಲೈಗೆ ಹಚ್ಚುವ ಸೆಂಟು ಕೆಲಸ ಮಾಡುತ್ತದೆಯೇ? (ಹೊಸೂರು)

ದುಡ್ಡು ದಂಡ.

ನಮ್ಮ ಕೃಷಿಹೊಂಡಕ್ಕೆ ಟ್ರೌಟ್ ಮರಿ ಕೊಡುತ್ತೇನೆ, ವರ್ಷದಲ್ಲಿ ಲಕ್ಷ ಲಕ್ಷ ಲಾಭ ಎಂದು ಒಬ್ಬರು ಮುಂಗಡ ಕೇಳುತ್ತಿದ್ದಾರೆ. (ತಾಳವಾಡಿ)

ಕೊಡಬೇಡಿ, ದಯವಿಟ್ಟು. ತಾಳವಾಡಿಯ ಬಿಸಿಲಿಗೆ ನಿಂತ ನೀರಿನಲ್ಲಿ ಟ್ರೌಟ್ ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಮೀನಿನ ಗಂಧವೇ ಇಲ್ಲದ ಇಂಥವರು ರೈತರ ಸಾಲದ ದುಡ್ಡನ್ನು ನುಂಗುತ್ತಿದ್ದಾರೆ. ನಿಮ್ಮ ಹೊಂಡಕ್ಕೆ ಕಾಟ್ಲಾ, ರೋಹು ಬಿಡಿ; ಮರಿಯನ್ನು ಮೀನುಗಾರಿಕೆ ಇಲಾಖೆಯಲ್ಲೇ ಕೇಳಿ ತನ್ನಿ.