ಮಗಳ ಮೊದಲ ಹೆಜ್ಜೆಯನ್ನು ಫೋನಲ್ಲೇ ನೋಡಬೇಕಾ?

ಪ್ರಶ್ನೆ: ನನ್ನ ಮಗಳಿಗೆ ಹತ್ತು ತಿಂಗಳು. ಹೆರಿಗೆ ರಜೆ ಮುಗಿದ ಮೇಲೆ ರಾಜರಾಜೇಶ್ವರಿನಗರದಿಂದ ವೈಟ್‌ಫೀಲ್ಡ್‌ಗೆ ದಿನಾ ಮೆಟ್ರೋದಲ್ಲಿ ಓಡಾಡುತ್ತೇನೆ. ಮಗು ನಮ್ಮಮ್ಮನ ಹತ್ತಿರ ಇರುತ್ತಾಳೆ. ಅವಳು ಹೊಸದಾಗಿ ಏನು ಮಾಡಿದರೂ ನನಗೆ ಹಬ್ಬ. ಮೊನ್ನೆ ರೈಲು ಮೆಜೆಸ್ಟಿಕ್ ದಾಟುವಾಗ ಅಮ್ಮ ವಿಡಿಯೋ ಕಳಿಸಿದರು, ಮಗಳು ಸೋಫಾ ಹಿಡಿದು ಎದ್ದು ನಿಂತಿದ್ದಳು. ಖುಷಿಯಾಯಿತು, ಜೊತೆಗೇ ಅಳುವೂ ಬಂತು. ಮೊದಲ ಹೆಜ್ಜೆಯನ್ನೂ ಹೀಗೇ ನೋಡಬೇಕಾ? ಇನ್ನೊಂದು ವಿಷಯ, ಅವಳು ಅಂಬೆಗಾಲಿಡಲೇ ಇಲ್ಲ, ಕೂತಲ್ಲಿಂದ ಹಾಗೇ ಜರುಗಿಕೊಂಡು ಹೋಗುತ್ತಾಳೆ. ನಮ್ಮತ್ತೆ ವಾಕರ್ ತರೋಣ ಅಂತಾರೆ. ಈಗೀಗ ನಾನು ಚಪ್ಪಲಿ ಹಾಕಿದರೆ ಸಾಕು, ಮನೆ ಕಿತ್ತುಹೋಗುವ ಹಾಗೆ ಅಳುತ್ತಾಳೆ. ಮೊದಲು ಹೀಗಿರಲಿಲ್ಲ.
– ಒಬ್ಬ ಅಮ್ಮ, ಬೆಂಗಳೂರು

ಉತ್ತರ: ಚಪ್ಪಲಿ ಹಾಕಿದರೆ ಅಳುತ್ತಾಳೆ ಅಂದಿರಲ್ಲ, ಮೊದಲು ಅದನ್ನೇ ಹೇಳುತ್ತೇನೆ. ಅದು ನೀವು ಖುಷಿಪಡಬೇಕಾದ ಸುದ್ದಿ. ನಾಲ್ಕು ತಿಂಗಳ ಮಗುವಿಗೆ ಕಣ್ಣೆದುರು ಇಲ್ಲದ್ದರ ಯೋಚನೆ ಅಷ್ಟಾಗಿ ಇರುವುದಿಲ್ಲ. ಸುಮಾರು ಎಂಟು ತಿಂಗಳ ಹೊತ್ತಿಗೆ, ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಅಂತ ಮಗುವಿಗೆ ಗೊತ್ತಾಗತೊಡಗುತ್ತದೆ. ಅದಕ್ಕೇ ಹುಡುಕುತ್ತೆ, ಅದಕ್ಕೇ ಅಳುತ್ತೆ. ನಿಮ್ಮ ಮಗಳು ಚಪ್ಪಲಿ ನೋಡಿಯೇ ಮುಂದೇನಾಗುತ್ತೆ ಅಂತ ಲೆಕ್ಕ ಹಾಕಿಬಿಟ್ಟಿದ್ದಾಳೆ! ಎಷ್ಟು ದೊಡ್ಡ ಬುದ್ಧಿ ಅಲ್ವಾ ಅದು? ಮಾಡಬೇಕಾದ್ದು ಇಷ್ಟೇ, ಕಣ್ಣು ತಪ್ಪಿಸಿ ಹಿಂಬಾಗಿಲಿನಿಂದ ಹೋಗಬೇಡಿ. ಎದುರಿಗೇ ನಿಂತು ಟಾಟಾ ಮಾಡಿ ಹೊರಡಿ, ಅತ್ತರೂ ಪರವಾಗಿಲ್ಲ. ಸಂಜೆ ಬಂದಮೇಲೆ ದುಪಟ್ಟಾ ಹಿಂದೆ ಮುಖ ಮುಚ್ಚಿಕೊಂಡು 'ಕೂ' ಅಂತ ಆಟ ಆಡಿಸಿ. ಹೋದ ಅಮ್ಮ ವಾಪಸ್ ಬರುತ್ತಾಳೆ ಅನ್ನುವುದನ್ನು ಮಗು ಆ ಆಟದಲ್ಲೇ ನೂರು ಸಲ ಕಲಿಯುತ್ತೆ.

ಇನ್ನು ಆ ಮೊದಲ ಹೆಜ್ಜೆ. ಅದು ಒಂದು ದಿನ ಆಗಿ ಮುಗಿಯುವ ಕೆಲಸವಲ್ಲ. ಇವತ್ತು ಸೋಫಾ ಬಿಟ್ಟು ಅರ್ಧ ಹೆಜ್ಜೆ ಇಟ್ಟು ಪೊತ್ತನೆ ಕೂರುತ್ತಾಳೆ, ನಾಳೆ ಪೂರ್ತಿ ಮರೆತವಳ ಹಾಗೆ ಜರುಗಿಕೊಂಡು ಓಡಾಡುತ್ತಾಳೆ, ಮತ್ತೊಂದು ದಿನ ಅಜ್ಜಿಯ ಸೆರಗು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾಳೆ. ಇದು ವಾರಗಟ್ಟಲೆ ನಡೆಯುತ್ತೆ. ಅದರಲ್ಲಿ ನಿಮ್ಮ ಪಾಲಿಗೂ ಬೇಕಾದಷ್ಟು ಸಿಗುತ್ತೆ. ಗಮನಿಸಿ ನೋಡಿ, ಎದ್ದು ನಿಂತ ಮಗು ತಕ್ಷಣ ಸುತ್ತ ಕಣ್ಣು ಹಾಯಿಸುತ್ತೆ, ಯಾರಾದರೂ ನೋಡಿದರಾ ಅಂತ. ಆಗ ನಿಮ್ಮ ಮುಖ ಅರಳಿದರೆ ಅವಳಿಗೆ ಅದೇ ಸಾಕು, ಮತ್ತೆ ಏಳುತ್ತಾಳೆ. ಆದ್ದರಿಂದ ನಿಮ್ಮ ಖುಷಿಯನ್ನು ಬಚ್ಚಿಡಬೇಡಿ, ಇಷ್ಟಕ್ಕೆಲ್ಲ ಯಾಕೆ ಕುಣಿಯುತ್ತೀ ಅಂತ ಯಾರಾದರೂ ಅಂದರೂ.

ಸಂಜೆ ಸಿಗುವುದು ಒಂದೋ ಎರಡೋ ಗಂಟೆ ಇರಬಹುದು. ಆಗ ಫೋನು ಬೇರೆ ರೂಮಿನಲ್ಲಿರಲಿ. ವಿಡಿಯೋ ಮಾಡುವ ಆಸೆಯೂ ಬೇಡ. ಊಟಕ್ಕೆ ಕೂತಾಗ ಅವಳ ಬೆರಳುಗಳನ್ನೇ ನೋಡಿ. ಆರೇಳು ತಿಂಗಳಲ್ಲಿ ಅನ್ನವನ್ನು ಇಡೀ ಅಂಗೈಯಲ್ಲಿ ಬಾಚಿ ಮುಖಕ್ಕೆಲ್ಲ ಮೆತ್ತಿಕೊಂಡಿರುತ್ತಾಳೆ. ಈಗ ತಟ್ಟೆಯ ಅಂಚಿಗೆ ಅಂಟಿದ ಒಂದೇ ಒಂದು ಅಗಳನ್ನು ಹೆಬ್ಬೆರಳು, ತೋರುಬೆರಳ ತುದಿಯಲ್ಲಿ ಹಿಡಿಯಲು ನೋಡುತ್ತಾಳೆ. ಹಿಡಿಯುತ್ತಾಳೆ, ಜಾರುತ್ತೆ, ಉಸಿರು ಬಿಗಿಹಿಡಿದು ಮತ್ತೆ ಹಿಡಿಯುತ್ತಾಳೆ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳದೆ ನಿಮಗೆ ತೋರಿಸಿದರಂತೂ ಕೇಳಲೇಬೇಡಿ. ಯಾರೂ ಚಪ್ಪಾಳೆ ತಟ್ಟದ ಈ ಕೆಲಸ ನನಗಂತೂ ಮೊದಲ ಹೆಜ್ಜೆಗಿಂತ ದೊಡ್ಡದು. ಮುಂದೆ ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು ಎಲ್ಲ ಇಲ್ಲಿಂದಲೇ ಬರಬೇಕು. (ಹೀಗೆ ಹೆಕ್ಕುವ ವಯಸ್ಸಿನಲ್ಲಿ ಕಡಲೆಬೀಜ, ಗುಂಡಿ, ಸಣ್ಣ ಬ್ಯಾಟರಿ ನೆಲದ ಮೇಲೆ ಬಿದ್ದಿರಬಾರದು.)

ಅಂಬೆಗಾಲಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 100ಕ್ಕೆ ಸುಮಾರು 4 ಮಕ್ಕಳು ಅಂಬೆಗಾಲಿಡದೆಯೇ ನಡೆದಿದ್ದರು. ತಾವಾಗಿ ನಡೆಯುವ ವಯಸ್ಸು 8 ತಿಂಗಳಿಂದ ಹಿಡಿದು ಹದಿನೇಳೂವರೆ ತಿಂಗಳವರೆಗೂ ಇತ್ತು. ಪಕ್ಕದ ಫ್ಲಾಟಿನ ಮಗು ಬೇಗ ನಡೆದರೆ ನಡೆಯಲಿ ಬಿಡಿ.

ವಾಕರ್ ಮಾತ್ರ ಬೇಡವೇ ಬೇಡ. ಅತ್ತೆಯವರಿಗೆ ಮೆಲ್ಲಗೆ ಹೇಳಿ. ಅದರಿಂದ ಮಗು ಬೇಗ ನಡೆಯುವುದಿಲ್ಲ, ಮೆಟ್ಟಿಲ ಕಡೆಗೂ ಒಲೆಯ ಕಡೆಗೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗಿಬಿಡುತ್ತೆ. ಕೆನಡಾದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ. ನೆಲದ ಮೇಲೆ ಚಾಪೆ ಹಾಸಿ ಬರಿಗಾಲಲ್ಲಿ ಬಿಡಿ, ಸಾಕು.

ಒಂದಷ್ಟನ್ನು ಮಾತ್ರ ಡಾಕ್ಟರಿಗೆ ಹೇಳಲೇಬೇಕು. ಹತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರುತ್ತಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, 'ಬಬ', 'ದದ' ಅಂತ ತೊದಲುವುದಿಲ್ಲ, ಯಾವಾಗಲೂ ಒಂದೇ ಕೈ ಬಳಸುತ್ತೆ, ಅಥವಾ ಮೊದಲು ಬರುತ್ತಿದ್ದದ್ದು ಈಗ ನಿಂತುಹೋಗಿದೆ ಅಂದರೆ ಕಾಯಬೇಡಿ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಿ. ಲಸಿಕೆಗೆ ಹೋದಾಗ ತಾಯಿ ಕಾರ್ಡ್ ತೆಗೆದು ನೋಡಿ, ಯಾವ ತಿಂಗಳಿಗೆ ಏನು ಅಂತ ಚಿತ್ರದ ಜೊತೆಗೇ ಇರುತ್ತೆ. ಡಾಕ್ಟರ್ ಮಗುವನ್ನು ನೋಡುವುದು ಹತ್ತು ನಿಮಿಷ. ಅಗಳು ಹೆಕ್ಕುವುದನ್ನು ಕೂತು ನೋಡಿ ಸಂತೋಷಪಟ್ಟ ಅಮ್ಮ, ಅಜ್ಜಿ ಹೇಳುವುದೇ ಅವರಿಗೆ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಪ್ರಶ್ನೆ: ಎರಡು ತಿಂಗಳ ಮೊಮ್ಮಗ ನನ್ನನ್ನು ನೋಡಿ ನಗುತ್ತಾನೆ. ಅದು ಸುಮ್ನೆ, ನಿದ್ದೆಗಣ್ಣಿನ ನಗು ಅಂತ ಮನೆಯವರು ಅಂತಾರೆ. ನಿಜವಾ?
– ತಾತ, ಯಶವಂತಪುರ

ಉತ್ತರ: ನಿಮ್ಮನ್ನು ನೋಡಿಯೇ ನಗುತ್ತಿದ್ದಾನೆ ಸರ್. ನಿದ್ದೆಯಲ್ಲಿ ತುಟಿ ಅರಳುವುದು ಹುಟ್ಟಿದ ದಿನದಿಂದಲೂ ಇರುತ್ತೆ. ಮುಖ ನೋಡಿ, ದನಿ ಕೇಳಿ ನಗುವುದು ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ ಶುರುವಾಗುತ್ತೆ. ನೀವು ಹತ್ತಿರ ಬಾಗಿ ಮಾತಾಡಿಸಿ, ಆಮೇಲೆ ಸುಮ್ಮನಾಗಿ ಕಾಯಿರಿ. ಅವನು ಕಾಲು ಒದ್ದು, 'ಊಂ' ಅಂತ ಉತ್ತರ ಕೊಡುತ್ತಾನೆ. ತೆಲುಗು ಮನೆಗಳಲ್ಲಿ ಮಗು ನಕ್ಕರೆ ಎಳ್ಳುಂಡೆ, ಬೋರಲು ಬಿದ್ದರೆ ಒಬ್ಬಟ್ಟು, ಹೆಜ್ಜೆ ಇಟ್ಟರೆ ಕಜ್ಜಾಯ ಮಾಡಿ ಹಂಚುತ್ತಾರೆ. ಬಹಳ ಒಳ್ಳೆ ಪದ್ಧತಿ, ನೀವೂ ಎಳ್ಳುಂಡೆ ಮಾಡಿಸಿ ಬೀದಿಗೆಲ್ಲ ಹಂಚಿ. ಮೊಮ್ಮಗನ ನಾಲಿಗೆಗೆ ಮಾತ್ರ ತಾಕಿಸಬೇಡಿ, ಆರು ತಿಂಗಳವರೆಗೆ ಅವನಿಗೆ ಅಮ್ಮನ ಹಾಲೊಂದೇ.