ಏಪ್ರಿಲ್ 12ರ ಹದಿಮೂರು ಸಾಲುಗಳು: ಹೊಸ ಲೇಖಕರೊಬ್ಬರಿಗೆ ಉತ್ತರ

ಆತ್ಮೀಯರೇ,

ಅರಕಲಗೂಡಿನಿಂದ ನೀವು ಕಳುಹಿಸಿದ ‘ಏಪ್ರಿಲ್ 12: ಸಂಗೀತ ಚರಿತ್ರೆಯಲ್ಲಿ ಈ ದಿನ’ ಎಂಬ ಬರಹವನ್ನೂ ಅದರ ಜೊತೆಗಿದ್ದ ಪತ್ರವನ್ನೂ ಓದಿದೆ. ಹದಿಮೂರು ಇಸವಿಗಳು, ಒಂದೊಂದು ಇಸವಿಗೆ ಒಂದೊಂದು ಸಾಲು, ಕೊನೆಗೆ ‘ಸಂಗೀತಕ್ಕೆ ಗಡಿಗಳಿಲ್ಲ’ ಎಂಬ ಮುಕ್ತಾಯ. ಕಾಗುಣಿತ ಶುದ್ಧವಾಗಿದೆ. ನಾನು ಪರಿಶೀಲಿಸಿದ ತಾರೀಖುಗಳು ಸರಿಯಾಗಿವೆ. ಪರದೇಶದ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಎಚ್ಚರ ವಹಿಸಿದ್ದೀರಿ. ಇವಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ಈ ರೂಪದಲ್ಲಿ ಇದನ್ನು ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲಾರೆ. ಇಂಥ ಬರಹಗಳಿಗೆ ಸಾಮಾನ್ಯವಾಗಿ ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗುತ್ತೇನೆ. ನಿಮ್ಮ ವಿಷಯದಲ್ಲಿ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಹದಿಮೂರರಲ್ಲಿ ಎರಡು ಸಾಲುಗಳು ನನ್ನನ್ನು ತೀರ ಕೆರಳಿಸಿದವು, ನಿಮ್ಮ ಪತ್ರದ ಒಂದು ಮಾತು ಅಷ್ಟೇ ಕಲಕಿತು. ಉಳಿದ ಹನ್ನೊಂದು ಸಾಲುಗಳ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ.

ಮೊದಲು 1954ರ ಸಾಲು. ನೀವು ಬರೆದದ್ದು ಹೀಗಿದೆ: ‘ಅಂದು ಬಿಲ್ ಹೇಲಿ ತಮ್ಮ ರಾಕ್ ಅರೌಂಡ್ ದ ಕ್ಲಾಕ್ ಹಾಡಿನ ಮೂಲಕ ಇತಿಹಾಸ ಸೃಷ್ಟಿಸಿದರು, ಇಡೀ ಜಗತ್ತೇ ಹುಚ್ಚೆದ್ದು ಕುಣಿಯಿತು.’

‘ಅಂದು’ ಎಂಬ ಮೊದಲ ಪದವೇ ಇಲ್ಲಿ ಸುಳ್ಳಾಗುತ್ತದೆ. ಅಂದು ಜಗತ್ತಿನಲ್ಲಿ ಯಾರೂ ಆ ಹಾಡಿಗೆ ಕುಣಿಯಲಿಲ್ಲ. ಅಂದು ನಡೆದದ್ದು ಇಷ್ಟು: ಅಮೆರಿಕದ ಗಾಯಕ ಹೇಲಿ ಮತ್ತು ಸಂಗಡಿಗರು ನ್ಯೂಯಾರ್ಕಿಗೆ ಹೊರಟಿದ್ದ ಲಾಂಚು ದಾರಿಯಲ್ಲಿ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಪಿಥಿಯನ್ ಟೆಂಪಲ್ ಎಂಬ ಹಳೆಯ ಸಭಾಭವನದಲ್ಲಿ ಡೆಕ್ಕಾ ಎಂಬ ಗ್ರಾಮಫೋನ್ ಕಂಪನಿಯವರು ನಡೆಸುತ್ತಿದ್ದ ಧ್ವನಿಮುದ್ರಣಕ್ಕೆ ಅವರು ತಡವಾಗಿ ಬಂದು ತಲುಪಿದರು. ನಿರ್ಮಾಪಕ ಮಿಲ್ಟ್ ಗೇಬ್ಲರ್ ಅವರಿಗೆ ಆ ದಿನ ಮುಖ್ಯವಾಗಿದ್ದುದು ಬೇರೊಂದು ಹಾಡು. ಸಮಯದ ಬಹುಪಾಲು ಅದಕ್ಕೇ ಹೋಯಿತು. ಕೊನೆಗೆ ಉಳಿದ ಸ್ವಲ್ಪ ಹೊತ್ತಿನಲ್ಲಿ ಈ ಹಾಡನ್ನು ಎರಡೇ ಸಲ ಮುದ್ರಿಸಿಕೊಂಡರು. ಮೊದಲ ಸಲ ವಾದ್ಯಗಳ ಅಬ್ಬರದಲ್ಲಿ ಹೇಲಿಯ ದನಿ ಮುಚ್ಚಿಹೋಯಿತು. ಎರಡನೆಯ ಸಲ ವಾದ್ಯಗಳನ್ನು ತಗ್ಗಿಸಿ ದನಿಯನ್ನು ಹಿಡಿದರು. ಆಮೇಲೆ ಎರಡನ್ನೂ ಬೆಸೆದರು.

‘ತಮ್ಮ’ ಎಂಬ ಪದ ನೋಡಿ. ಆ ಹಾಡನ್ನು ಹೇಲಿ ಬರೆಯಲಿಲ್ಲ. ಹೇಲಿ ತಂಡಕ್ಕಿಂತ ಮೊದಲೇ ಸನ್ನಿ ಡೇ ಎಂಬವರ ತಂಡ ಅದನ್ನು ಮುದ್ರಿಸಿಯೂ ಆಗಿತ್ತು. ಇನ್ನು ‘ಇತಿಹಾಸ ಸೃಷ್ಟಿಸಿದರು’. ಈ ಮಾತನ್ನು ಹದಿಮೂರು ಸಾಲುಗಳಲ್ಲಿ ಐದು ಕಡೆ ಬಳಸಿದ್ದೀರಿ, ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಆ ಕೋಣೆಯಲ್ಲಿದ್ದ ಡ್ಯಾನಿ ಸೆಡ್ರೋನ್ ಎಂಬ ಗಿಟಾರ್ ವಾದಕರಿಗೆ ಆ ದಿನದ ಕೂಲಿ 21 ಡಾಲರ್. ಹೊಸ ಬಾಜಣೆಯನ್ನು ಕಟ್ಟಲು ಹೊತ್ತಿಲ್ಲದೆ, 1952ರಲ್ಲಿ ಇದೇ ತಂಡದ ಇನ್ನೊಂದು ಹಾಡಿಗೆ ತಾವು ನುಡಿಸಿದ್ದನ್ನೇ ಅವರು ಇಲ್ಲಿ ಮತ್ತೆ ನುಡಿಸಿದರು. ಇಂದು ಜಗತ್ತಿನ ಗಿಟಾರ್ ಕಲಿಯುವ ಹುಡುಗರು ಬೆರಳು ನೋಯಿಸಿಕೊಂಡು ಅಭ್ಯಾಸ ಮಾಡುವ ಭಾಗ ಅದು. ಎರಡು ತಿಂಗಳು ಕಳೆದ ಮೇಲೆ, 1954ರ ಜೂನ್ 17ರಂದು, ಸೆಡ್ರೋನ್ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು. ಹಾಡು ಆ ಹೊತ್ತಿಗೆ ಗ್ರಾಮಫೋನ್ ತಟ್ಟೆಯ ಹಿಂಬದಿಯಲ್ಲಿತ್ತು, ಅದಕ್ಕೆ ದೊಡ್ಡ ಯಶಸ್ಸೇನೂ ಸಿಕ್ಕಿರಲಿಲ್ಲ. ಮರುವರ್ಷ ಒಂದು ಚಲನಚಿತ್ರದ ಶೀರ್ಷಿಕೆಗಳ ಹಿಂದೆ ಅದನ್ನು ಬಳಸಿಕೊಂಡ ಮೇಲೆಯೇ ಹರೆಯದವರು ಅದಕ್ಕೆ ಮುಗಿಬಿದ್ದದ್ದು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಏರಿದ್ದು 1955ರ ಜುಲೈ 9ರಂದು. ಅಲ್ಲಿ ಎಂಟು ವಾರ ನಿಂತಿತು.

ಏಪ್ರಿಲ್ 12ಕ್ಕೂ ಆ ಜುಲೈಗೂ ನಡುವೆ ಹೆಚ್ಚುಕಡಿಮೆ ಹದಿನೈದು ತಿಂಗಳಿವೆ. ಆ ಹದಿನೈದು ತಿಂಗಳುಗಳನ್ನು ನೀವು ‘ಅಂದು’ ಎಂಬ ಎರಡಕ್ಷರದಲ್ಲಿ ನುಂಗಿಬಿಟ್ಟಿರಿ. ನನಗೆ ಕೋಪ ಬಂದದ್ದು ಇದಕ್ಕೆ. ಒಂದು ತಾರೀಖನ್ನು ಬರಹಕ್ಕೆ ಆರಿಸಿಕೊಂಡವರು ಆ ತಾರೀಖಿನಂದು ಏನಾಯಿತೆಂಬುದನ್ನು ಮಾತ್ರವಲ್ಲ, ಇನ್ನೂ ಏನು ಆಗಿರಲಿಲ್ಲವೆಂಬುದನ್ನೂ ತಿಳಿದಿರಬೇಕು. ತಡವಾಗಿ ಬಂದ ಏಳೆಂಟು ಜನ, ಗಡಿಯಾರ ನೋಡುತ್ತಿರುವ ನಿರ್ಮಾಪಕ, ಹಳೆಯದನ್ನೇ ನುಡಿಸಿ 21 ಡಾಲರ್ ಪಡೆಯಲಿರುವ ವಾದಕ: ಆ ಸಂಜೆ ಇದ್ದದ್ದು ಇವರು. ಇವರಲ್ಲಿ ಒಬ್ಬರನ್ನೂ ನಿಮ್ಮ ಸಾಲಿನೊಳಗೆ ಬರಲು ನೀವು ಬಿಡಲಿಲ್ಲ.

ಎರಡನೆಯದು 2006ರ ಸಾಲು: ‘ವರನಟ, ಗಾನಗಂಧರ್ವ ಡಾ. ರಾಜ್‌ಕುಮಾರ್ ಅವರ ಅಗಲಿಕೆಯಿಂದ ನಾಡಿಗೆ ನಾಡೇ ಶೋಕಸಾಗರದಲ್ಲಿ ಮುಳುಗಿತು. ಅವರು ಹಾಡಿದ ಗೀತೆಗಳು ಅಜರಾಮರ.’

ಸಂಗೀತ ಚರಿತ್ರೆಯೆಂದು ಹೆಸರಿಟ್ಟ ಬರಹದಲ್ಲಿ ರಾಜ್‌ಕುಮಾರರ ಒಂದೇ ಒಂದು ಹಾಡಿನ ಹೆಸರೂ ಇಲ್ಲ. ಯಾವ ಗೀತೆಗಳು ಅಜರಾಮರ? ಗಾಜನೂರಿನಲ್ಲಿ ಹುಟ್ಟಿ, ಗುಬ್ಬಿ ನಾಟಕ ಕಂಪನಿಯಲ್ಲಿ ಬೆಳೆದವರು ಅವರು. ಅಲ್ಲಿ ಪಾತ್ರ ಮಾಡುವವರು ತಾವೇ ಹಾಡಬೇಕಿತ್ತು. ಹಾಗೆ ಪಳಗಿದ ಕಂಠವಿದ್ದೂ, ಸಿನಿಮಾದಲ್ಲಿ ಎರಡು ದಶಕ ಕಾಲ ಬಹುಮಟ್ಟಿಗೆ ಬೇರೆಯವರ ದನಿಗೆ, ಅದರಲ್ಲೂ ಪಿ.ಬಿ. ಶ್ರೀನಿವಾಸರ ದನಿಗೆ, ತುಟಿಯಾಡಿಸಿದರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಶ್ರೀನಿವಾಸರು ಹಾಡಲಾಗದ ಸಂದರ್ಭ ಬಂದಾಗ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್‌ಕುಮಾರರಿಂದಲೇ ಹಾಡಿಸಿದರು. ಎಮ್ಮೆಯ ಬೆನ್ನೇರಿ ಹಾಡುವ ಆ ಹಾಡಿನಿಂದ ಅವರ ಗಾಯಕ ಜೀವನದ ದೊಡ್ಡ ಅಧ್ಯಾಯ ತೆರೆಯಿತು. ಅಲ್ಲಿಂದ ಹದಿನೆಂಟು ವರ್ಷಗಳ ಮೇಲೆ ‘ಜೀವನ ಚೈತ್ರ’ದ ‘ನಾದಮಯ’ ಬಂತು. ಉಪೇಂದ್ರಕುಮಾರ್ ತೋಡಿ ರಾಗದಲ್ಲಿ ಕಟ್ಟಿದ ಆ ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕನ ರಾಷ್ಟ್ರಪ್ರಶಸ್ತಿ ಸಂದಿತು. ಇದರಲ್ಲಿ ಯಾವುದಾದರೂ ಒಂದನ್ನು ನೀವು ಹೇಳಿದ್ದರೆ ಸಾಕಿತ್ತು. ಅದರ ಬದಲು ‘ಶೋಕಸಾಗರ’ವನ್ನು ತಂದಿರಿ. ಎಷ್ಟೋ ದಶಕಗಳಿಂದ ಎಷ್ಟೋ ಜನರ ನಿಧನವಾರ್ತೆಗಳಲ್ಲಿ ನಾಡು ಆ ಸಾಗರದಲ್ಲಿ ಮುಳುಗುತ್ತಲೇ ಬಂದಿದೆ. ಅದರಲ್ಲಿ ರಾಜ್‌ಕುಮಾರರಿಗೇ ಸಲ್ಲುವ ಒಂದು ಹನಿಯೂ ಇಲ್ಲ.

ತಾರೀಖಿಗೆ ಕಟ್ಟುಬಿದ್ದದ್ದರಿಂದ ನಿಮಗೆ ಇನ್ನೊಂದು ನಷ್ಟವಾಗಿದೆ. ಪಿ.ಬಿ. ಶ್ರೀನಿವಾಸರು ತೀರಿಕೊಂಡದ್ದು 2013ರ ಏಪ್ರಿಲ್ 14ರಂದು. ಒಬ್ಬರನ್ನು ಶರೀರ, ಇನ್ನೊಬ್ಬರನ್ನು ಶಾರೀರ ಎಂದು ಕನ್ನಡಿಗರು ಕರೆದುಕೊಂಡು ಬಂದ ಜೋಡಿ ಅದು. ನಿಮ್ಮ ಪಟ್ಟಿಯಲ್ಲಿ 12ಕ್ಕೆ ಸೇರಿದ್ದರಿಂದ ಪರದೇಶದ ವಾದಕರ ಹುಟ್ಟುಹಬ್ಬಕ್ಕೂ ಜಾಗ ಸಿಕ್ಕಿತು, ಎರಡು ದಿನ ಆಚೆಗಿದ್ದ ತಪ್ಪಿಗೆ ಶ್ರೀನಿವಾಸರಿಗೆ ಸಿಗಲಿಲ್ಲ.

ಇಷ್ಟು ಖಾರವಾಗಿ ಬರೆಯಲು ನನಗೆ ಕಾರಣವಿದೆ. 1984ರಲ್ಲಿ ನಾನು ಹಾಸನದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಅಚ್ಚುಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲ. ಜಾಹೀರಾತು ಕಡಿಮೆಯಾದ ದಿನ ಎರಡನೆಯ ಪುಟದಲ್ಲಿ ಉಳಿಯುತ್ತಿದ್ದ ಜಾಗವನ್ನು ‘ಚರಿತ್ರೆಯಲ್ಲಿ ಈ ದಿನ’ ಎಂಬ ಅಂಕಣದಿಂದ ತುಂಬಿಸುವುದು ನನ್ನ ಪಾಲಿಗೆ ಬಂದಿತ್ತು. ಡಿಸೆಂಬರ್ 29 ಕುವೆಂಪು ಅವರ ಜನ್ಮದಿನ, ಆ ವರ್ಷ ಅವರಿಗೆ ಎಂಬತ್ತು ತುಂಬುತ್ತಿತ್ತು. ಹಿಂದಿನ ಸಂಜೆ ನಾನು ಬರೆದೆ: ‘ರಾಷ್ಟ್ರಕವಿಯ ಗೀತೆಗಳು ಜನಮನದಲ್ಲಿ ಹಾಸುಹೊಕ್ಕಾಗಿವೆ.’ ಪುಟ ನೋಡುತ್ತಿದ್ದ ಹಿರಿಯ ಉಪಸಂಪಾದಕರು ಕಾಗದವನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು. ‘ಯಾವ ಗೀತೆಯಪ್ಪ? ಯಾರ ಮನಸ್ಸಲ್ಲಿ? ಹೋಗಿ ಒಬ್ಬರನ್ನ ಕೇಳ್ಕೊಂಡು ಬಾ, ಆಮೇಲೆ ಮೊಳೆ ಜೋಡಿಸೋಣ’ ಎಂದರು.

ಬಸ್ ನಿಲ್ದಾಣದ ಹೊರಗೆ ಎತ್ತಿನ ಗಾಡಿ ನಿಲ್ಲಿಸಿಕೊಂಡಿದ್ದ ಒಬ್ಬ ರೈತರನ್ನು ಕೇಳಿದೆ. ಕುವೆಂಪು ಅವರ ಹಾಡು ಯಾವುದಾದರೂ ಬರುತ್ತದೆಯೇ ಎಂದಾಗ ಇಲ್ಲವೆಂದು ತಲೆಯಾಡಿಸಿದರು. ಉಳುಮೆಯ ಮೇಲೆ ಯಾವುದಾದರೂ ಹಾಡು ಗೊತ್ತೇ ಎಂದು ಕೇಳಿದ್ದಕ್ಕೆ, ಗೊತ್ತಿಲ್ಲದೆ ಏನು, ಎಂದು ‘ನೇಗಿಲಯೋಗಿ’ಯನ್ನು ಎರಡು ಚರಣ ಹಾಡಿದರು. ಹಿಂದಿನ ವರ್ಷ ಬಂದಿದ್ದ ‘ಕಾಮನಬಿಲ್ಲು’ ಚಿತ್ರದಲ್ಲಿ ರಾಜ್‌ಕುಮಾರ್ ಉಳುವಾಗ ಕೇಳಿಬರುವ ಹಾಡು ಅದು. ರಾಜ್‌ಕುಮಾರರೇ ಹಾಡಿದ್ದೆಂದು ಆ ರೈತರು ನಂಬಿದ್ದರು. ಬರೆದವರು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕವಿ ಎಂಬುದೂ, ಹಾಡಿದವರು ನಮ್ಮ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಎಂಬುದೂ ಅವರಿಗೆ ತಿಳಿದಿರಲಿಲ್ಲ. ನಾನು ಓಡಿಬಂದು ಕಂಡದ್ದನ್ನು ಕಂಡ ಹಾಗೆ ಬರೆದುಕೊಟ್ಟೆ. ಹಿರಿಯರು ಹನ್ನೆರಡು ಸಾಲಿನಲ್ಲಿ ಎಂಟನ್ನು ಹೊಡೆದುಹಾಕಿ ನಾಲ್ಕನ್ನು ಉಳಿಸಿದರು. ಅಚ್ಚಾದ ಆ ನಾಲ್ಕು ಸಾಲುಗಳಲ್ಲಿ ಕವಿ, ಗಾಯಕ, ನಟ ಮತ್ತು ಗಾಡಿಯ ಪಕ್ಕದ ರೈತ ಎಲ್ಲರೂ ಇದ್ದರು.

ಆಗ ನನಗೆ ತಿಳಿಯದಿದ್ದ ಸಂಗತಿಯೊಂದಿತ್ತು. ಅಶ್ವತ್ಥರೂ ಹುಟ್ಟಿದ್ದು ಡಿಸೆಂಬರ್ 29ರಂದೇ, 1939ರಲ್ಲಿ. 2009ರಲ್ಲಿ ಅವರು ತೀರಿಕೊಂಡದ್ದೂ ಅದೇ ದಿನ, ಸರಿಯಾಗಿ ಎಪ್ಪತ್ತು ತುಂಬಿದಂದು. ಆ ರಾತ್ರಿ ಅವರ ಬಗ್ಗೆ ಬರೆಯಲು ಕುಳಿತಾಗ, ಹುಟ್ಟಿದ ದಿನವೇ ಸಾವು, ಅದೇ ದಿನ ಕುವೆಂಪು ಜಯಂತಿ ಎಂಬ ಜೋಡಣೆಯೇ ಮೊದಲು ಲೇಖನಿಯ ತುದಿಗೆ ಬಂತು. ಅದನ್ನು ತಡೆದು ಹಿಡಿಯುವುದು ಸುಲಭವಾಗಲಿಲ್ಲ. ಪಂಚಾಂಗ ಅವರಿಬ್ಬರನ್ನು ಕೂಡಿಸಿದ್ದು ನಿಜ. ಆದರೆ ಅದಕ್ಕೂ ಬಹಳ ಮೊದಲೇ ‘ನೇಗಿಲಯೋಗಿ’ ಅವರನ್ನು ಕೂಡಿಸಿತ್ತು, ಮತ್ತು ಆ ಕೂಡಿಕೆಗೆ ಒಬ್ಬರ ಪದ, ಇನ್ನೊಬ್ಬರ ಕಂಠ, ಉಪೇಂದ್ರಕುಮಾರರ ಸಂಯೋಜನೆ, ಪರದೆಯ ಮೇಲೆ ರಾಜ್‌ಕುಮಾರರ ಮೈಕೈ ಎಲ್ಲ ಬೇಕಾಗಿದ್ದವು. ಆದ್ದರಿಂದ ಲೇಖನವನ್ನು ಆ ಹಾಡಿನಿಂದ ಆರಂಭಿಸಿದೆ. ತಾರೀಖು ನಾಲ್ಕನೆಯ ಪ್ಯಾರಾದಲ್ಲಿ ಒಂದು ಸಾಲಾಗಿ ಬಂತು.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಬರಹದ ಮೇಲೆ ಗುಂಡುಸೂಜಿಯಿಂದ ಚುಚ್ಚಿದ್ದ ಆ ಅರ್ಧ ಹಾಳೆಯಲ್ಲಿ, ಪರಿಚಯಕ್ಕೆಂದು ಒಂದು ಮಾತು ಬರೆದಿದ್ದೀರಿ. ನಿಮ್ಮ ತಂದೆ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ರಿಪೇರಿಯಾದ ಪ್ರತಿಯೊಂದು ಸೆಟ್ಟನ್ನೂ ‘ನಾದಮಯ’ ಹಾಕಿ ಪರೀಕ್ಷಿಸಿಯೇ ಗಿರಾಕಿಗೆ ಕೊಡುತ್ತಿದ್ದರು. ಒಂಬತ್ತು ವರ್ಷದವರಾಗಿದ್ದ ನೀವು ನೋಡುತ್ತಿದ್ದಂತೆಯೇ, 2006ರ ಏಪ್ರಿಲ್ 12ರ ಮಧ್ಯಾಹ್ನ ಸುದ್ದಿ ಬಂದ ಮೇಲೆ, ಮೇಜಿನ ಮೇಲಿದ್ದ ಸೆಟ್ಟನ್ನು ಆ ಹಾಡು ಹಾಕದೆ ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಇಟ್ಟರು. ಇಷ್ಟನ್ನು ಬರೆದು, ‘ಇದು ಅಪ್ರಸ್ತುತ, ಕ್ಷಮಿಸಿ’ ಎಂದು ಸೇರಿಸಿದ್ದೀರಿ.

ಅದನ್ನು ನಾನು ಮೂರು ಸಲ ಓದಿದೆ. ಅಪ್ರಸ್ತುತವೆಂದು ನೀವು ಕ್ಷಮೆ ಕೇಳಿದ್ದರಲ್ಲಿಯೇ ನಿಮ್ಮ ಲೇಖನವಿದೆ. ನಿಮ್ಮ ತಂದೆ ಬೇರಾವ ಹಾಡನ್ನೂ ಬಿಟ್ಟು ಅದನ್ನೇ ಏಕೆ ಹಾಕುತ್ತಿದ್ದರೆಂದು ಅವರನ್ನು ಕೇಳಿದ್ದೀರಾ? ಸೆಟ್ಟಿನ ಬೆಲ್ಟು ಸಡಿಲವಾಗಿದ್ದರೆ ಟೇಪಿನ ಓಟ ಏರುಪೇರಾಗುತ್ತದೆ, ಹೆಡ್ಡಿಗೆ ಕೊಳೆ ಹಿಡಿದಿದ್ದರೆ ದನಿ ಮಂಕಾಗುತ್ತದೆ. ತಾಳದ ಅಬ್ಬರವಿರುವ ಹಾಡಿನಲ್ಲಿ ಈ ದೋಷಗಳು ಮರೆಯಾಗಿಬಿಡುತ್ತವೆ. ಉಸಿರು ಹಿಡಿದು ನಿಲ್ಲಿಸಿದ ದೀರ್ಘ ಸ್ವರದಲ್ಲಿ ಸಣ್ಣ ಅಲುಗಾಟವೂ ಕಿವಿಗೆ ತಾಗುತ್ತದೆ. ಅಂಥ ದೀರ್ಘ ಸ್ವರಗಳು ಆ ಹಾಡಿನ ತುಂಬ ಇವೆ. ರಾಜ್‌ಕುಮಾರರ ಸ್ವರ ಅಲುಗಿದರೆ ದೋಷ ಯಂತ್ರದ್ದೇ ಎಂಬ ನಂಬಿಕೆಯ ಮೇಲೆ ಒಬ್ಬ ಕುಶಲಕರ್ಮಿ ವರ್ಷಗಟ್ಟಲೆ ತನ್ನ ಕೆಲಸವನ್ನು ಅಳೆದುಕೊಂಡಿದ್ದರೆ, ಆ ಗಾಯಕನ ಬಗ್ಗೆ ನಾನು ಓದಿದ ಎಷ್ಟೋ ಪ್ರಶಂಸೆಗಳಿಗಿಂತ ಅದು ತೂಕದ್ದು. ಆದರೆ ಇದು ನನ್ನ ಊಹೆ. ನಿಮ್ಮ ತಂದೆ ಬೇರೆ ಕಾರಣ ಹೇಳಿದರೆ ಅದನ್ನೇ ಬರೆಯಿರಿ.

ಆದ್ದರಿಂದ ಹನ್ನೊಂದು ಸಾಲುಗಳನ್ನು ಬಿಟ್ಟುಬಿಡಿ. ಹೇಲಿಯನ್ನು ಇಟ್ಟುಕೊಳ್ಳಬೇಕೆನಿಸಿದರೆ ಇಟ್ಟುಕೊಳ್ಳಿ, ಆದರೆ ಸೆಡ್ರೋನ್ ಅವರನ್ನು ಕರೆತನ್ನಿ. ಬರೆಯುವ ಮೊದಲು ಆ ಹಾಡನ್ನು ಕೇಳಿ, ಅವರ ಬೆರಳುಗಳು ಆತುರದಲ್ಲಿ ಹೇಗೆ ಓಡುತ್ತವೆ ಎಂಬುದು ನಿಮಗೇ ಗೊತ್ತಾಗುತ್ತದೆ. ‘ಅಂದು’ ಎಂದು ಬರೆದಲ್ಲೆಲ್ಲ ಎಷ್ಟು ಗಂಟೆಗೆ, ಎಲ್ಲಿ, ಯಾರ ಎದುರಿಗೆ ಎಂದು ನೀವೇ ಕೇಳಿಕೊಳ್ಳಿ. ಉತ್ತರ ಇಲ್ಲದಿದ್ದರೆ ಆ ವಾಕ್ಯವನ್ನು ತೆಗೆಯಿರಿ. ನಿಮ್ಮ ತಂದೆಯ ಅಂಗಡಿ ಯಾವ ಬೀದಿಯಲ್ಲಿತ್ತು, ಬಟ್ಟೆಯಲ್ಲಿ ಸುತ್ತಿಟ್ಟ ಆ ಸೆಟ್ಟು ಯಾರದ್ದು, ಬಸ್ಸುಗಳು ಮತ್ತೆ ಓಡಲಾರಂಭಿಸಿದ ಮೇಲೆ ಅವರು ಬಂದು ಅದನ್ನು ತೆಗೆದುಕೊಂಡು ಹೋದಾಗ ಯಾವ ಹಾಡು ಹಾಕಿ ತೋರಿಸಿದರು, ಇವೆಲ್ಲ ನನಗೆ ಬೇಕು.

ಏಪ್ರಿಲ್ ಸಂಚಿಕೆಯ ಪುಟಗಳು ಮಾರ್ಚ್ 20ರಂದು ಮುದ್ರಣಕ್ಕೆ ಹೋಗುತ್ತವೆ. ಎರಡು ಪುಟಗಳನ್ನು ನಿಮಗಾಗಿ ಖಾಲಿ ಇಟ್ಟಿದ್ದೇನೆ. ಅಂಚೆಯಲ್ಲಿ ಕಳುಹಿಸುವುದಾದರೆ 15ರೊಳಗೆ ತಲುಪುವಂತೆ ಕಳುಹಿಸಿ. ಹಾಸನಕ್ಕೆ ಬರುವ ಕೆಲಸವಿದ್ದರೆ ತಂದೆಯವರನ್ನೂ ಕರೆದುಕೊಂಡು ಕಚೇರಿಗೆ ಬನ್ನಿ, ಮಧ್ಯಾಹ್ನ ಮೂರರ ಮೇಲೆ ಇರುತ್ತೇನೆ.

ಇಂತು,
ಸಂಪಾದಕ